ಹಬ್ಬದ ಕಥೆಗಳಿಗೆ ಆಯುಸ್ಸೆಷ್ಟು?

2007ರಲ್ಲಿ ನ್ಯೂಯಾರ್ಕ್ ನಗರದ ಸದಬೀಸ್ ಹರಾಜು ಮಳಿಗೆಗೆ ಒಂದು ಹಳೆಯ ಹೊತ್ತಗೆ ಬಂತು. ಅದು ರಾಜಮಹಾರಾಜರ ಕೈಬರಹವಲ್ಲ, ಚಿನ್ನದ ಅಂಚಿನ ಧರ್ಮಗ್ರಂಥವೂ ಅಲ್ಲ. ಕಾಗದದ ಹೊದಿಕೆ, ತುಂಬಾ ಜಾಹೀರಾತುಗಳು, ಮನೆಯ ಹಜಾರದಲ್ಲೇ ಆಡಿಬಿಡಬಹುದಾದ ಎರಡು ಪುಟ್ಟ ನಾಟಕಗಳು, ಜೊತೆಗೊಂದು ಪತ್ತೇದಾರಿ ಕಥೆ. ನಮ್ಮ ದೀಪಾವಳಿ ವಿಶೇಷಾಂಕದ ಹಾಗೆ, 1887ರ ಕ್ರಿಸ್‌ಮಸ್ ಹಬ್ಬಕ್ಕೆಂದು ಲಂಡನ್ನಿನಲ್ಲಿ ಅಚ್ಚಾದ ಸಂಚಿಕೆ ಅದು. ಆಗ ಅದರ ಬೆಲೆ ಒಂದು ಷಿಲಿಂಗ್. 120 ವರ್ಷಗಳ ನಂತರ ಅದೇ ಸಂಚಿಕೆಯ ಒಂದು ಪ್ರತಿ 1,56,000 ಡಾಲರಿಗೆ ಹೋಯಿತು.

ಸಂಚಿಕೆಯ ಹೆಸರು ‘ಬೀಟನ್ಸ್ ಕ್ರಿಸ್‌ಮಸ್ ಆನ್ಯುಯಲ್’. ಅದರಲ್ಲಿದ್ದ ಪತ್ತೇದಾರಿ ಕಥೆ ‘ಎ ಸ್ಟಡಿ ಇನ್ ಸ್ಕಾರ್ಲೆಟ್’. ಷರ್ಲಾಕ್ ಹೋಮ್ಸ್ ಮತ್ತು ಡಾಕ್ಟರ್ ವಾಟ್ಸನ್ ಮೊಟ್ಟಮೊದಲು ಜಗತ್ತಿನ ಮುಂದೆ ಬಂದದ್ದು ಅಲ್ಲಿ. ಬರೆದವನು ಪೋರ್ಟ್ಸ್‌ಮತ್ ಪಟ್ಟಣದ ಸೌತ್‌ಸೀ ಬಡಾವಣೆಯಲ್ಲಿ ರೋಗಿಗಳಿಗಾಗಿ ಕಾದು ಕೂರುತ್ತಿದ್ದ ಯುವ ವೈದ್ಯ ಆರ್ಥರ್ ಕಾನನ್ ಡಾಯ್ಲ್. ಹಲವು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದ್ದರು. ಕೊನೆಗೆ ವಾರ್ಡ್ ಲಾಕ್ ಸಂಸ್ಥೆ ಎಲ್ಲ ಹಕ್ಕುಗಳನ್ನೂ ಸೇರಿಸಿ 25 ಪೌಂಡಿಗೆ ಕೊಂಡಿತು. ಮಾರುಕಟ್ಟೆಯಲ್ಲಿ ಅಗ್ಗದ ಕಥೆಗಳು ತುಂಬಿ ತುಳುಕುತ್ತಿವೆಯೆಂದು ಒಂದು ವರ್ಷ ಕಾಯಿಸಿತು. ಸಂಚಿಕೆ ಹಬ್ಬಕ್ಕೆ ಮೊದಲೇ ಖರ್ಚಾಯಿತು. ಹಬ್ಬ ಮುಗಿಯಿತು. ಓದಿದ ಜನ ಅದನ್ನು ಒಲೆಗೆ ಹಾಕಿದರು, ಸಾಮಾನು ಕಟ್ಟಲು ಬಳಸಿದರು. ಇಂದು ಜಗತ್ತಿನಲ್ಲಿ ಉಳಿದಿರುವುದು ಕೆಲವೇ ಡಜನ್ ಪ್ರತಿಗಳು.

ಒಂದು ಷಿಲಿಂಗಿನ ಕಾಗದ ಲಕ್ಷಾಂತರ ಡಾಲರ್ ಬಾಳಿದ್ದಕ್ಕೆ ಕಾರಣ ಸರಳ. ಅದನ್ನು ಯಾರೂ ಕಾಪಾಡಲಿಲ್ಲ. ಹಬ್ಬಕ್ಕೆಂದು ಬರೆದ ಕಥೆ ಹಬ್ಬದೊಂದಿಗೇ ಮುಗಿಯುತ್ತದೆ ಎಂಬುದು ಬರೆದವನಿಗೂ ಅಚ್ಚು ಹಾಕಿದವನಿಗೂ ಓದಿದವನಿಗೂ ಇದ್ದ ಸಮಾನ ನಂಬಿಕೆ. ಆದರೆ ಕಾಲ ಈ ನಂಬಿಕೆಯನ್ನು ಮತ್ತೆ ಮತ್ತೆ ಸುಳ್ಳು ಮಾಡಿದೆ. ಇಂಗ್ಲಿಷಿನ ಹಲವು ಅಚ್ಚುಮೆಚ್ಚಿನ ಕಥೆಗಳು ಇಂಥ ಬಿಸಾಡುವ ಸಂಚಿಕೆಗಳಿಗೆಂದೇ ಬರೆದವು. ಚಳಿಗಾಲ ಬಂತೆಂದರೆ ಹಳೆಯ ಕಥೆಗಳನ್ನೇ ಹುಡುಕಿ ತೆಗೆದು ಓದುವ ದೊಡ್ಡ ಓದುಗ ಬಳಗ ಅಲ್ಲಿದೆ. ಈ ರುಚಿ ಹುಟ್ಟಿದ್ದು ಹೇಗೆ? ಕಳೆದುಹೋದ ಕಥೆಗಳು ಮರಳಿದ್ದು ಯಾರ ಕೃಪೆಯಿಂದ? ಕನ್ನಡದ ಓದುಗರಿಗೂ ಇದರಲ್ಲಿ ಒಂದು ಪಾಠವಿದೆ.

ಬೆಂಕಿಯ ಮುಂದಿನ ಕಥೆ

ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟು ಗಂಟೆಯ ಮೇಲೆ, ಮುಳುಗುವುದು ಮಧ್ಯಾಹ್ನ ನಾಲ್ಕಕ್ಕೆ ಮುಂಚೆ. ಹದಿನಾರು ಗಂಟೆಗಳ ಕತ್ತಲು. ಹೊಲದಲ್ಲಿ ಕೆಲಸವಿಲ್ಲ, ಹೊರಗೆ ಹೋಗುವಂತಿಲ್ಲ. ಮನೆಯ ಮಂದಿಯೆಲ್ಲ ಬೆಂಕಿಗೂಡಿನ ಸುತ್ತ ಕೂತಾಗ ಕಥೆ ತಾನಾಗಿ ಹುಟ್ಟುತ್ತದೆ. ಆ ಕತ್ತಲಲ್ಲಿ ಹುಟ್ಟುವ ಕಥೆ ದೆವ್ವದ್ದೇ ಆಗಿರುತ್ತದೆ. ಷೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ನಾಟಕದ ಬಾಲಕ ಮಮಿಲಿಯಸ್ ಚಳಿಗಾಲಕ್ಕೆ ತಕ್ಕದ್ದೆಂದು ತಾಯಿಗೆ ಹೇಳಹೊರಡುವುದೂ ಭೂತಪಿಶಾಚಿಗಳ ಕಥೆಯನ್ನೇ. ಅಂದರೆ 400 ವರ್ಷಗಳ ಹಿಂದೆಯೇ ಇದು ಎಲ್ಲರಿಗೂ ಗೊತ್ತಿದ್ದ ರೂಢಿ. ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಮುಂದೆ ಹಲಸಿನ ಹಪ್ಪಳ ಸುಡುತ್ತಾ ದೆವ್ವದ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಚ್ಚಗಿನ ಜಾಗದಲ್ಲಿ ಕೂತು ಹೆದರುವುದರಲ್ಲಿ ಒಂದು ಸುಖವಿದೆ.

ಹತ್ತೊಂಬತ್ತನೇ ಶತಮಾನದ ಆರಂಭಕ್ಕೆ ಈ ರೂಢಿ ಸೊರಗುತ್ತಿತ್ತು. ಜನ ಹಳ್ಳಿ ಬಿಟ್ಟು ಕಾರ್ಖಾನೆಗಳ ಊರು ಸೇರುತ್ತಿದ್ದರು. ಕೂಡು ಕುಟುಂಬದ ದೊಡ್ಡ ಬೆಂಕಿಗೂಡು ಅಲ್ಲಿರಲಿಲ್ಲ. ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1819-20ರಲ್ಲಿ ಪ್ರಕಟಿಸಿದ ‘ಸ್ಕೆಚ್ ಬುಕ್’ನಲ್ಲಿ ಇಂಗ್ಲೆಂಡಿನ ಹಳ್ಳಿ ಬಂಗಲೆಯೊಂದರ ಕ್ರಿಸ್‌ಮಸ್ಸನ್ನು ಬಣ್ಣಿಸಿದ. ಅದೂ ಮರೆಯಾಗುತ್ತಿರುವ ಆಚಾರಗಳ ಚಿತ್ರವೆಂಬಂತೆಯೇ ಬರೆದದ್ದು. ಇಲ್ಲೊಂದು ಸ್ವಾರಸ್ಯವಿದೆ. ಇಂದಿನ ಓದುಗರು ‘ಆ ಕಾಲದ’ ಕ್ರಿಸ್‌ಮಸ್ ಕಥೆಗಳೆಂದು ಯಾವುದಕ್ಕೆ ಹಂಬಲಿಸುತ್ತಾರೋ ಆ ಕಥೆಗಳು ಹೊಸದಾಗಿದ್ದಾಗಲೇ ಇನ್ನೂ ಹಿಂದಿನ ಕಾಲಕ್ಕಾಗಿ ಹಂಬಲಿಸುತ್ತಿದ್ದವು.

ಹಿಮದ ವಿಷಯವೂ ಹಾಗೆಯೇ. ಲಂಡನ್ನಿನಲ್ಲಿ ಕ್ರಿಸ್‌ಮಸ್ ದಿನ ಹಿಮ ಬೀಳುವುದು ಅಪರೂಪ. ಆದರೂ ಕ್ರಿಸ್‌ಮಸ್ ಕಥೆಯೆಂದರೆ ಹಿಮ ಬೀಳಲೇಬೇಕು. ಚಾರ್ಲ್ಸ್ ಡಿಕನ್ಸ್ ಹುಟ್ಟಿದ್ದು 1812ರಲ್ಲಿ. ಅವನ ಬಾಲ್ಯದ ಆ ದಶಕ ಇಂಗ್ಲೆಂಡಿನಲ್ಲಿ ವಿಪರೀತ ಚಳಿಯ ದಶಕ. 1814ರಲ್ಲಿ ಥೇಮ್ಸ್ ನದಿಯೇ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆ ನೆರೆದಿತ್ತು. ನದಿಯ ಮೇಲೆ ನಡೆದ ಕೊನೆಯ ಜಾತ್ರೆ ಅದು. ಆ ಕಾಲದ ಹಿಮ ಡಿಕನ್ಸ್‌ನ ಕಥೆಗಳಿಗೆ ಬಂತು. ಅವನ ಕಥೆಗಳಿಂದ ಲೋಕದ ಕಲ್ಪನೆಗೆ ಬಂತು.

ಸಾಲಗಾರನ ಆರು ವಾರ

1843ರ ಶರತ್ಕಾಲದಲ್ಲಿ ಡಿಕನ್ಸ್‌ಗೆ 31 ವರ್ಷ. ಹೆಸರು ದೊಡ್ಡದು, ಸಾಲವೂ ಸಣ್ಣದಲ್ಲ. ಆಗ ಕಂತುಗಳಲ್ಲಿ ಬರುತ್ತಿದ್ದ ‘ಮಾರ್ಟಿನ್ ಚಜಲ್‌ವಿಟ್’ ಕಾದಂಬರಿ ನಿರೀಕ್ಷಿಸಿದಷ್ಟು ಓಡುತ್ತಿರಲಿಲ್ಲ. ಹೆಂಡತಿ ಐದನೆಯ ಮಗುವಿನ ಗರ್ಭಿಣಿ. ಅವನಿಗೆ ಹನ್ನೆರಡು ವರ್ಷವಿದ್ದಾಗ ಸಾಲ ತೀರಿಸಲಾಗದೆ ತಂದೆ ಮಾರ್ಷಲ್‌ಸೀ ಸೆರೆಮನೆ ಸೇರಿದ್ದ, ಮಗ ಬೂಟ್ ಪಾಲಿಷಿನ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದ್ದ. ಸಾಲದ ಭಯ ಅವನನ್ನು ಬದುಕಿನುದ್ದಕ್ಕೂ ಬಿಡಲಿಲ್ಲ.

ಅದೇ ವರ್ಷ ಗಣಿ ಮತ್ತು ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಕುರಿತ ಸರಕಾರಿ ಆಯೋಗದ ವರದಿಯನ್ನು ಓದಿ ಅವನು ತತ್ತರಿಸಿದ್ದ. ಬಡವರ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಬೇಕೆಂದು ಮೊದಲು ಯೋಚಿಸಿದ. ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿದ್ದ ಚಿಂದಿ ಬಟ್ಟೆಯ ಮಕ್ಕಳ ಶಾಲೆಯನ್ನು ಕಣ್ಣಾರೆ ನೋಡಿದ. ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಭಾಷಣ ಮಾಡಿ ಬರುವ ಹೊತ್ತಿಗೆ ಕರಪತ್ರದ ಜಾಗದಲ್ಲಿ ಕಥೆ ಕುಳಿತಿತ್ತು. ಆರು ವಾರಗಳಲ್ಲಿ, ರಾತ್ರಿಯೆಲ್ಲ ಲಂಡನ್ನಿನ ಬೀದಿಗಳಲ್ಲಿ ಮೈಲಿಗಟ್ಟಲೆ ನಡೆಯುತ್ತಾ ಅವನು ಬರೆದು ಮುಗಿಸಿದ್ದು ‘ಎ ಕ್ರಿಸ್‌ಮಸ್ ಕ್ಯಾರಲ್’. ಜಿಪುಣ ಮುದುಕ ಸ್ಕ್ರೂಜ್‌ನ ಬಳಿಗೆ ಹಬ್ಬದ ಹಿಂದಿನ ರಾತ್ರಿ ದೆವ್ವಗಳು ಬಂದು ಅವನ ಮನಸ್ಸು ತಿರುಗಿಸುವ ಈ ಪುಟ್ಟ ಕಥೆ ಅದೇ ಡಿಸೆಂಬರ್ 19ರಂದು ಹೊರಬಂತು. ಮೊದಲ ಮುದ್ರಣದ 6,000 ಪ್ರತಿಗಳು ಹಬ್ಬದ ಮುನ್ನಾದಿನದ ಹೊತ್ತಿಗೆ ಖಾಲಿ.

ಆದರೂ ಲೇಖಕನ ಕೈಗೆ ಬಂದದ್ದು ಅಷ್ಟಕ್ಕಷ್ಟೆ. ಕೈಯಿಂದ ಬಣ್ಣ ತುಂಬಿದ ಚಿತ್ರಗಳು, ಚಿನ್ನದ ಅಂಚು, ಒಳ್ಳೆಯ ಬೈಂಡು ಎಲ್ಲ ಬೇಕೆಂದು ಡಿಕನ್ಸ್ ಹಟ ಹಿಡಿದಿದ್ದ. ಬೆಲೆಯನ್ನು ಮಾತ್ರ ಐದು ಷಿಲಿಂಗಿಗೆ ಇಳಿಸಿದ್ದ. 1,000 ಪೌಂಡ್ ಬರಬಹುದೆಂದು ಎಣಿಸಿದವನಿಗೆ ಮೊದಲ ಮುದ್ರಣದಿಂದ ದೊರೆತದ್ದು ಸುಮಾರು 230 ಪೌಂಡ್. ಕಳ್ಳಮುದ್ರಣ ಮಾಡಿದವರ ಮೇಲೆ ಮೊಕದ್ದಮೆ ಹೂಡಿ ಗೆದ್ದ. ಅವರು ದಿವಾಳಿ ಎದ್ದುದರಿಂದ ಖರ್ಚೆಲ್ಲ ಇವನ ತಲೆಗೇ ಬಂತು. ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. ಕಥೆಯಲ್ಲಿ ಸ್ಕ್ರೂಜ್‌ನ ಬಡ ಗುಮಾಸ್ತ ಬಾಬ್ ಕ್ರ್ಯಾಚಿಟ್‌ಗೆ ವಾರಕ್ಕೆ 15 ಷಿಲಿಂಗ್ ಸಂಬಳ. ಅಂದರೆ ಬಡವರ ಪರವಾದ ಈ ಪುಸ್ತಕ ಕೊಳ್ಳಲು ಅಂಥ ಗುಮಾಸ್ತ ತನ್ನ ವಾರದ ಸಂಬಳದ ಮೂರನೇ ಒಂದು ಪಾಲನ್ನು ಕೊಡಬೇಕಿತ್ತು!

ನಾಲ್ಕು ಪೆನ್ನಿಯ ದೆವ್ವ

ಈ ಲೆಕ್ಕ ಡಿಕನ್ಸ್‌ಗೂ ಅರ್ಥವಾಗಿತ್ತು. 1850ರಲ್ಲಿ ಅವನು ‘ಹೌಸ್‌ಹೋಲ್ಡ್ ವರ್ಡ್ಸ್’ ಎಂಬ ಎರಡು ಪೆನ್ನಿಯ ವಾರಪತ್ರಿಕೆ ಆರಂಭಿಸಿದ. 1859ರಲ್ಲಿ ಅದರ ಸ್ಥಾನಕ್ಕೆ ‘ಆಲ್ ದಿ ಇಯರ್ ರೌಂಡ್’ ಬಂತು. ಪ್ರತಿ ವರ್ಷ ಹಬ್ಬಕ್ಕೊಂದು ವಿಶೇಷ ಸಂಚಿಕೆ. ಬೆಲೆ ಸಾಮಾನ್ಯವಾಗಿ ನಾಲ್ಕು ಪೆನ್ನಿ. ಐದು ಷಿಲಿಂಗ್ ಕೊಡಲಾಗದ ಗುಮಾಸ್ತ, ದರ್ಜಿ, ಅಂಗಡಿಯ ಹುಡುಗ ಎಲ್ಲರೂ ಅದನ್ನು ಕೊಳ್ಳಬಹುದಿತ್ತು. ಓದಬಲ್ಲವನೊಬ್ಬ ಗಟ್ಟಿಯಾಗಿ ಓದಿದರೆ ಮನೆಮಂದಿಯೆಲ್ಲ ಕೇಳುತ್ತಿದ್ದರು. ಹಳ್ಳಿಯ ಬೆಂಕಿಗೂಡಿನ ಮುಂದೆ ಅಜ್ಜಿ ಹೇಳುತ್ತಿದ್ದ ಕಥೆ ಹೀಗೆ ಅಚ್ಚಿನ ರೂಪದಲ್ಲಿ ಪಟ್ಟಣದ ಬಾಡಿಗೆ ಕೋಣೆಗೆ ಬಂತು.

1866ರ ‘ಮಗ್ಬಿ ಜಂಕ್ಷನ್’ ಎಂಬ ಹಬ್ಬದ ಸಂಚಿಕೆಯ ಮಾರಾಟ ಎರಡು ಲಕ್ಷ ಪ್ರತಿಗಳನ್ನು ದಾಟಿತ್ತು. ‘ದಿ ಸಿಗ್ನಲ್‌ಮನ್’ ಕಥೆ ಬಂದದ್ದು ಇದರಲ್ಲಿ. ರೈಲು ಸುರಂಗದ ಬಾಯಲ್ಲಿ ಒಂಟಿಯಾಗಿ ಕೆಲಸ ಮಾಡುವ ಸಿಗ್ನಲ್‌ಗಾರನಿಗೆ ಅಪಘಾತಗಳ ಮುನ್ಸೂಚನೆ ಕೊಡುವ ಆಕೃತಿಯೊಂದು ಕಾಣಿಸಿಕೊಳ್ಳುವ ಕಥೆ. ಹಿಂದಿನ ವರ್ಷ, 1865ರ ಜೂನ್ 9ರಂದು, ಸ್ಟೇಪಲ್‌ಹರ್ಸ್ಟ್ ಬಳಿಯ ರೈಲು ಅಪಘಾತದಲ್ಲಿ ಡಿಕನ್ಸ್ ಕೂದಲೆಳೆಯಲ್ಲಿ ಪಾರಾಗಿದ್ದ. ಗಾಯಾಳುಗಳ ನಡುವೆ ಗಂಟೆಗಟ್ಟಲೆ ಓಡಾಡಿದ್ದ. ಆ ನಡುಕ ಆಮೇಲೆ ಎಂದೂ ಅವನನ್ನು ಪೂರ್ತಿಯಾಗಿ ಬಿಡಲಿಲ್ಲ. ಹಬ್ಬಕ್ಕೆಂದು, ಗಡುವಿಗೆಂದು ಬರೆದ ಕಥೆಯೊಳಗೆ ಲೇಖಕನ ನಿಜವಾದ ಭಯ ಸೇರಿಕೊಂಡದ್ದು ಹೀಗೆ.

ಡಿಕನ್ಸ್ ಒಬ್ಬನೇ ಅಲ್ಲ, ಈ ಸಂಚಿಕೆಗಳಿಗೆ ಬರೆದವರು ಅನೇಕರು. ಅವರಲ್ಲಿ ಮಹಿಳೆಯರ ಪಾಲು ದೊಡ್ಡದು. ಎಲಿಜಬೆತ್ ಗ್ಯಾಸ್ಕೆಲ್ 1852ರ ಸಂಚಿಕೆಗೆ ‘ದಿ ಓಲ್ಡ್ ನರ್ಸಸ್ ಸ್ಟೋರಿ’ ಬರೆದಳು. ಅಮೀಲಿಯಾ ಎಡ್ವರ್ಡ್ಸ್, ಷಾರ್ಲಟ್ ರಿಡೆಲ್, ಮಾರ್ಗರೆಟ್ ಓಲಿಫಂಟ್, ಮೇರಿ ಎಲಿಜಬೆತ್ ಬ್ರಾಡನ್ ಇವರೆಲ್ಲ ದೆವ್ವದ ಕಥೆಗಳಲ್ಲಿ ಪಳಗಿದ ಕೈ. ಓಲಿಫಂಟ್ ಗಂಡ ತೀರಿಹೋದ ಮೇಲೆ ಇಡೀ ಸಂಸಾರವನ್ನು ಲೇಖನಿಯಿಂದಲೇ ಸಾಕಿದಳು. ನೌಕರಿಗಳ ಬಾಗಿಲು ಹೆಂಗಸರಿಗೆ ಮುಚ್ಚಿದ್ದ ಕಾಲದಲ್ಲಿ ಪತ್ರಿಕೆಯ ಕಥೆ ಮರ್ಯಾದೆಯ ಸಂಪಾದನೆ. ಅವರ ಕಥೆಗಳಲ್ಲಿ ದೆವ್ವಗಳು ಸುಮ್ಮನೆ ಬರುವುದಿಲ್ಲ. ಮನೆಯಿಂದ ಹೊರಹಾಕಲ್ಪಟ್ಟ ಮಗಳು, ಆಸ್ತಿಯಿಂದ ವಂಚಿತಳಾದ ಹೆಂಗಸು, ಹಿರಿಯರು ಮುಚ್ಚಿಟ್ಟ ಅನ್ಯಾಯ ಇವೇ ದೆವ್ವಗಳಾಗಿ ಬಾಗಿಲು ಬಡಿಯುತ್ತವೆ. ನೇರವಾಗಿ ಹೇಳಲಾಗದ ಸಂಕಟವನ್ನು ಹೇಳಲು ಹಬ್ಬದ ದೆವ್ವ ಒಂದು ದಾರಿ ಮಾಡಿಕೊಟ್ಟಿತು.

ಕ್ರಮೇಣ ಇದು ಎಷ್ಟು ಹೆಚ್ಚಾಯಿತೆಂದರೆ ಅಣಕಕ್ಕೂ ವಸ್ತುವಾಯಿತು. ಡಿಕನ್ಸ್ ಸ್ವತಃ ಬೇಸತ್ತು 1867ರ ನಂತರ ಹಬ್ಬದ ಸಂಚಿಕೆ ನಿಲ್ಲಿಸಿದ. ಹಾಸ್ಯಲೇಖಕ ಜೆರೋಮ್ ಕೆ. ಜೆರೋಮ್ 1891ರಲ್ಲಿ ‘ಟೋಲ್ಡ್ ಆಫ್ಟರ್ ಸಪ್ಪರ್’ ಎಂಬ ಇಡೀ ಪುಸ್ತಕವನ್ನೇ ಬರೆದು ಕ್ರಿಸ್‌ಮಸ್ ರಾತ್ರಿಯ ದೆವ್ವಗಳನ್ನು ಗೇಲಿ ಮಾಡಿದ.

ಕುಲಪತಿಯ ಮೇಣದ ಬತ್ತಿ

ಗೇಲಿಗೆ ಸಿಕ್ಕಿದ ರೂಢಿ ಅಲ್ಲಿಗೇ ಮುಗಿಯಬಹುದಿತ್ತು. ಅದಕ್ಕೆ ಮರುಜೀವ ಕೊಟ್ಟವನು ಕೇಂಬ್ರಿಜ್‌ನ ವಿದ್ವಾಂಸ ಎಂ.ಆರ್. ಜೇಮ್ಸ್. ಮಧ್ಯಯುಗದ ಹಸ್ತಪ್ರತಿಗಳ ಪಟ್ಟಿ ತಯಾರಿಸುವುದು ಅವನ ಕಸುಬು. 1905ರಿಂದ 1918ರವರೆಗೆ ಕಿಂಗ್ಸ್ ಕಾಲೇಜಿನ ಮುಖ್ಯಸ್ಥನಾಗಿದ್ದವನು. ಕ್ರಿಸ್‌ಮಸ್ ರಾತ್ರಿ ಸ್ನೇಹಿತರೂ ಕೆಲವು ವಿದ್ಯಾರ್ಥಿಗಳೂ ಅವನ ಕೋಣೆಯಲ್ಲಿ ಸೇರುತ್ತಿದ್ದರು. ಶಾಯಿ ಆರದ ಹಾಳೆಗಳನ್ನು ಹಿಡಿದು ಜೇಮ್ಸ್ ಒಳಗಿನಿಂದ ಬಂದು, ಒಂದನ್ನು ಬಿಟ್ಟು ಉಳಿದೆಲ್ಲ ಮೇಣದ ಬತ್ತಿಗಳನ್ನು ಆರಿಸಿ ಓದಲು ಕೂರುತ್ತಿದ್ದನಂತೆ.

ಅವನ ಕಥೆಗಳಲ್ಲಿ ರಕ್ತಪಾತ ಕಡಿಮೆ. ಹಳೆಯ ಚರ್ಚು, ಗ್ರಂಥಾಲಯದ ಮೂಲೆಯ ಪುಸ್ತಕ, ಮರಳಿನಲ್ಲಿ ಸಿಕ್ಕ ಸೀಟಿ, ಹೀಗೆ ಸಣ್ಣದೊಂದು ವಸ್ತುವನ್ನು ಕುತೂಹಲದಿಂದ ಮುಟ್ಟಿದ ಪಂಡಿತ ಆಪತ್ತಿಗೆ ಸಿಲುಕುತ್ತಾನೆ. ಈ ಕಥೆಗಳು 1904ರಲ್ಲಿ ಪುಸ್ತಕವಾದದ್ದರ ಹಿಂದೆ ಒಂದು ದುಃಖದ ಸಂಗತಿಯಿದೆ. ಗೆಳೆಯ ಜೇಮ್ಸ್ ಮೆಕ್‌ಬ್ರೈಡ್ ಅವಕ್ಕೆ ಚಿತ್ರ ಬರೆಯಲು ಒಪ್ಪಿದ್ದ. ನಾಲ್ಕು ಚಿತ್ರ ಮುಗಿಸುವಷ್ಟರಲ್ಲಿ ತೀರಿಕೊಂಡ. ಬೇರೆಯವರಿಂದ ಬರೆಸದೆ, ಆ ನಾಲ್ಕೇ ಚಿತ್ರಗಳೊಂದಿಗೆ ಗೆಳೆಯನ ನೆನಪಿಗಾಗಿ ಜೇಮ್ಸ್ ಪುಸ್ತಕ ಹೊರತಂದ. ಒಂದು ರಾತ್ರಿಯ ಖುಷಿಗೆಂದು ಬರೆದ ಹಾಳೆಗಳು ಹೀಗೆ ಉಳಿದವು. 1971ರಿಂದ 1978ರವರೆಗೆ ಬಿ.ಬಿ.ಸಿ. ದೂರದರ್ಶನ ಪ್ರತಿ ಕ್ರಿಸ್‌ಮಸ್‌ಗೆ ಒಂದು ದೆವ್ವದ ಕಥೆ ಬಿತ್ತರಿಸಿದಾಗ ಮೊದಲ ವರ್ಷಗಳಲ್ಲಿ ಆರಿಸಿಕೊಂಡದ್ದು ಇವನ ಕಥೆಗಳನ್ನೇ. ಡಿಕನ್ಸ್‌ನ ಸಿಗ್ನಲ್‌ಗಾರ 1976ರಲ್ಲಿ ಅದೇ ಸಾಲಿನಲ್ಲಿ ತೆರೆಗೆ ಬಂದ.

ಹಿಮದಲ್ಲಿ ಕೊಲೆ

ಮೊದಲ ಮಹಾಯುದ್ಧದ ನಂತರ ದೆವ್ವದ ಜಾಗಕ್ಕೆ ಕೊಲೆಗಾರ ಬಂದ. ಬಂಗಲೆ, ಹಬ್ಬಕ್ಕೆ ಕೂಡಿದ ನೆಂಟರಿಷ್ಟರು, ಸಿರಿವಂತ ಯಜಮಾನ, ಹೊರಗೆ ದಾರಿ ಮುಚ್ಚಿದ ಹಿಮ. ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆಯ ಕಟ್ಟು ಸಿಗದು. ಹಿಮ ಬಿದ್ದರೆ ಹೊರಗಿನವರು ಬರುವಂತಿಲ್ಲ, ಒಳಗಿನವರು ಹೋಗುವಂತಿಲ್ಲ. ಕೊಲೆಗಾರ ಊಟದ ಮೇಜಿನ ಸುತ್ತ ಕೂತವರಲ್ಲೇ ಒಬ್ಬ. ಹಬ್ಬಕ್ಕೆ ಸೇರುವ ದೊಡ್ಡ ಕುಟುಂಬದಲ್ಲಿ ನಗುವಿನ ಅಡಿಯಲ್ಲಿ ಆಸ್ತಿಯ ಜಗಳ ಹೊಗೆಯಾಡುವುದು ಯಾವ ನಾಡಿನವರಿಗೆ ಗೊತ್ತಿಲ್ಲ? ಅಗಾಥಾ ಕ್ರಿಸ್ಟಿ 1938ರಲ್ಲಿ ಪ್ರಕಟಿಸಿದ ‘ಹರ್ಕ್ಯೂಲ್ ಪ್ವಾರೋಸ್ ಕ್ರಿಸ್‌ಮಸ್’ ನಿಂತಿರುವುದು ಈ ಬುನಾದಿಯ ಮೇಲೆ. ಅವಳ ಕೊಲೆಗಳಲ್ಲಿ ರಕ್ತವೇ ಸಾಲದೆಂದು ಅಕ್ಕನ ಗಂಡ ಆಕ್ಷೇಪಿಸಿದ್ದನಂತೆ. ಆದ್ದರಿಂದ ಧಾರಾಳವಾಗಿ ರಕ್ತ ಹರಿಯುವ ಈ ಕಾದಂಬರಿಯನ್ನು ಅವನಿಗೇ ಅರ್ಪಿಸಿದಳು. ಮುಂದೆ ಪ್ರತಿ ವರ್ಷ ಕ್ರಿಸ್‌ಮಸ್‌ಗೊಂದು ಕ್ರಿಸ್ಟಿ ಎಂಬುದು ಪ್ರಕಾಶಕರ ಘೋಷಣೆಯೇ ಆಯಿತು.

ನಾರ್ವೆಯವರಿಗೆ ಇಂಥ ಓದಿನ ಕಾಲ ಈಸ್ಟರ್. 1923ರ ಈಸ್ಟರ್ ಹೊತ್ತಿಗೆ ಅಲ್ಲಿನ ‘ಆಫ್ಟನ್‌ಪೋಸ್ಟನ್’ ಪತ್ರಿಕೆಯ ಮುಖಪುಟದಲ್ಲಿ ಬೆರ್ಗೆನ್ ರೈಲು ರಾತ್ರಿ ಲೂಟಿಯಾಯಿತೆಂಬ ದೊಡ್ಡ ಅಕ್ಷರಗಳು ಕಂಡವು. ಗಾಬರಿಗೊಂಡ ಓದುಗರಿಗೆ ಆಮೇಲೆ ತಿಳಿದದ್ದು ಅದು ಸುದ್ದಿಯಲ್ಲ, ನೂರ್ಡಾಲ್ ಗ್ರೀಗ್ ಮತ್ತು ನಿಲ್ಸ್ ಲೀ ಎಂಬ ಇಬ್ಬರು ತರುಣರು ಗುಪ್ತನಾಮದಲ್ಲಿ ಬರೆದ ಕಾದಂಬರಿಯ ಜಾಹೀರಾತು ಎಂದು. ಅಂದಿನಿಂದ ಈಸ್ಟರ್ ರಜೆಗೆ ಬೆಟ್ಟದ ಮನೆಗಳಿಗೆ ಹೋಗುವ ನಾರ್ವೆಯವರು ಜೊತೆಗೊಂದು ಪತ್ತೇದಾರಿ ಕಾದಂಬರಿ ಒಯ್ಯುವುದು ರೂಢಿಯಾಯಿತು. ಈಗ ಹಾಲಿನ ಡಬ್ಬಿಗಳ ಮೇಲೂ ಪತ್ತೇದಾರಿ ಚಿತ್ರಕಥೆ ಅಚ್ಚಾಗುತ್ತದೆ.

ಕಳೆದವು, ಸಿಕ್ಕವು

ಕ್ರಿಸ್ಟಿಯ ಪುಸ್ತಕಗಳು ಉಳಿದವು. ಅವಳ ಸಮಕಾಲೀನರಲ್ಲಿ ಬಹಳ ಜನ ಅಳಿಸಿಹೋದರು. ಜೆ. ಜೆಫರ್ಸನ್ ಫಾರ್ಜನ್ ಅರವತ್ತಕ್ಕೂ ಹೆಚ್ಚು ಪುಸ್ತಕ ಬರೆದಾತ. ಅವನ ಒಂದು ನಾಟಕವನ್ನು ಆಲ್‌ಫ್ರೆಡ್ ಹಿಚ್‌ಕಾಕ್ 1932ರಲ್ಲಿ ಚಲನಚಿತ್ರ ಮಾಡಿದ್ದ. 1955ರಲ್ಲಿ ಫಾರ್ಜನ್ ತೀರಿಕೊಂಡ ಮೇಲೆ ಅವನ ಹೆಸರು ಹೇಳುವವರಿಲ್ಲವಾಯಿತು. ಮೇವಿಸ್ ಡೋರಿಯಲ್ ಹೇ ಎಂಬ ಲೇಖಕಿ 1934ರಿಂದ 1936ರವರೆಗೆ ಮೂರೇ ಪತ್ತೇದಾರಿ ಕಾದಂಬರಿ ಬರೆದು ಸುಮ್ಮನಾದಳು. ಮೂರನೆಯದು ‘ದಿ ಸಾಂಟಾ ಕ್ಲಾಸ್ ಮರ್ಡರ್’.

ಪುಸ್ತಕಗಳಿಗೆ ಯುದ್ಧವೂ ಶತ್ರುವಾಯಿತು. 1940ರ ಡಿಸೆಂಬರ್ 29ರ ರಾತ್ರಿ, ಕ್ರಿಸ್‌ಮಸ್ ಕಳೆದ ನಾಲ್ಕನೆಯ ದಿನ, ಜರ್ಮನ್ ವಿಮಾನಗಳ ಬಾಂಬಿಗೆ ಲಂಡನ್ನಿನ ಪುಸ್ತಕ ವ್ಯಾಪಾರದ ಕೇಂದ್ರವಾದ ಪೇಟರ್‌ನಾಸ್ಟರ್ ರೋ ಸುಟ್ಟುಹೋಯಿತು. ಅಂದು ಬೂದಿಯಾದ ಪುಸ್ತಕಗಳ ಸಂಖ್ಯೆ ಸುಮಾರು 50 ಲಕ್ಷ ಎಂಬ ಅಂದಾಜಿದೆ. ಯುದ್ಧಕಾಲದಲ್ಲಿ ಕಾಗದ ಸಂಗ್ರಹಿಸುವ ಆಂದೋಲನ ನಡೆದಾಗ ಜನ ಅಟ್ಟದ ಮೇಲಿನ ಹಳೆಯ ಸಂಚಿಕೆಗಳನ್ನು ತಾವಾಗಿಯೇ ಗಾಡಿಗೆ ಹಾಕಿದರು.

ಹಾಗಾದರೆ ಉಳಿದದ್ದು ಹೇಗೆ? ಬ್ರಿಟನ್ನಿನ ಕಾನೂನಿನ ಪ್ರಕಾರ ಅಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಒಂದು ಪ್ರತಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಬೇಕು. ಮಹಾಕಾವ್ಯವಿರಲಿ, ಆರು ಪೆನ್ನಿಯ ಕೊಲೆ ಕಾದಂಬರಿಯಿರಲಿ, ಗ್ರಂಥಪಾಲಕ ಅದರ ಯೋಗ್ಯತೆ ಅಳೆಯುವಂತಿಲ್ಲ, ಸುಮ್ಮನೆ ತೆಗೆದಿಡಬೇಕು. ಹೀಗೆ ತೆಗೆದಿಟ್ಟ ರಾಶಿಯೊಳಗಿಂದ ಬ್ರಿಟಿಷ್ ಲೈಬ್ರರಿ 2010ರ ದಶಕದಲ್ಲಿ ಮರೆತುಹೋದ ಪತ್ತೇದಾರಿ ಕಾದಂಬರಿಗಳನ್ನು ಮತ್ತೆ ಅಚ್ಚು ಹಾಕತೊಡಗಿತು. 2014ರಲ್ಲಿ ಹೊರಬಂದದ್ದು ಫಾರ್ಜನ್ 1937ರಲ್ಲಿ ಬರೆದ ‘ಮಿಸ್ಟರಿ ಇನ್ ವೈಟ್’. ಕ್ರಿಸ್‌ಮಸ್ ಮುನ್ನಾದಿನ ಹಿಮದಲ್ಲಿ ರೈಲು ನಿಂತುಬಿಡುತ್ತದೆ. ಇಳಿದು ನಡೆದ ಕೆಲವು ಪ್ರಯಾಣಿಕರಿಗೆ ಒಂದು ಮನೆ ಸಿಗುತ್ತದೆ. ಬಾಗಿಲು ತೆರೆದಿದೆ, ಬೆಂಕಿ ಉರಿಯುತ್ತಿದೆ, ಚಹಾಕ್ಕೆ ಮೇಜು ಸಜ್ಜಾಗಿದೆ. ಮನೆಯಲ್ಲಿ ಮಾತ್ರ ಯಾರೂ ಇಲ್ಲ! ಹಳೆಯ ರೈಲ್ವೆ ಜಾಹೀರಾತಿನಂಥ ಮುಖಪುಟ ಹೊತ್ತ ಈ ಪುಸ್ತಕ ಆ ವರ್ಷದ ಹಬ್ಬದಲ್ಲಿ ಹತ್ತಾರು ಸಾವಿರ ಪ್ರತಿ ಖರ್ಚಾಯಿತು. ಸತ್ತು ಸುಮಾರು 60 ವರ್ಷವಾದ ಲೇಖಕ ಜೀವಂತ ಲೇಖಕರಿಗೆ ಅಂಗಡಿಯಲ್ಲಿ ಪೈಪೋಟಿ ಕೊಟ್ಟ.

ಹಳೆಯದೆಲ್ಲ ಹೊನ್ನಲ್ಲ ಎಂಬುದನ್ನೂ ಹೇಳಬೇಕು. ಈ ಕಥೆಗಳಲ್ಲಿ ಚಹಾ ತರುವ ಕೆಲಸದವಳಿಗೆ ಎಷ್ಟೋ ಸಲ ಹೆಸರೇ ಇರುವುದಿಲ್ಲ. ಪರದೇಶದವನು ಬಂದರೆ ಮೊದಲ ಅನುಮಾನ ಅವನ ಮೇಲೆ. ಯೆಹೂದ್ಯರು, ಕಪ್ಪುಜನ, ಭಾರತೀಯರ ಕುರಿತ ಹೀನಾಯದ ಮಾತುಗಳು ಸಲೀಸಾಗಿ ಬಂದುಹೋಗುತ್ತವೆ. ರಸಿಕ ಓದುಗ ಇದನ್ನು ಕಂಡೂ ಕಾಣದಂತೆ ಇರಬೇಕಾಗಿಲ್ಲ. ಒಂದು ಕಾಲದ ಜನ ಏನನ್ನು ಸಹಜವೆಂದುಕೊಂಡಿದ್ದರು ಎಂಬುದನ್ನು ಅವರ ಗಂಭೀರ ಗ್ರಂಥಗಳಿಗಿಂತ ಹೊತ್ತು ಕಳೆಯಲು ಬರೆದ ಕಥೆಗಳೇ ಹೆಚ್ಚು ಪ್ರಾಮಾಣಿಕವಾಗಿ ತೋರಿಸುತ್ತವೆ. ಊಟಕ್ಕೆ ಏನಿತ್ತು, ಟಿಕೆಟ್ಟಿಗೆ ಎಷ್ಟು, ಯಾರು ಯಾರ ಮುಂದೆ ಕೂರುವಂತಿರಲಿಲ್ಲ ಎಂಬ ವಿವರಗಳು ಸಿಗುವುದು ಅಲ್ಲೇ.

ನಮ್ಮ ಮನೆಯ ಅಟ್ಟ

ಹಬ್ಬಕ್ಕೂ ಕಥೆಗೂ ಇರುವ ನಂಟು ಭಾರತಕ್ಕೆ ಹೊಸದಲ್ಲ. 1909ರಲ್ಲಿ ಕಾಶಿನಾಥ ರಘುನಾಥ ಮಿತ್ರ ತಮ್ಮ ‘ಮನೋರಂಜನ’ ಮಾಸಿಕದ ದೀಪಾವಳಿ ಸಂಚಿಕೆ ಹೊರತಂದರು. ಮರಾಠಿಯ ಮೊದಲ ದೀಪಾವಳಿ ಅಂಕವೆಂದು ಅದನ್ನು ಗುರುತಿಸಲಾಗುತ್ತದೆ. ಬಂಗಾಳದಲ್ಲಿ ದುರ್ಗಾಪೂಜೆಯ ಶಾರದೀಯ ಸಂಚಿಕೆಗಳಿಲ್ಲದೆ ಹಬ್ಬವೇ ಇಲ್ಲ. ಸತ್ಯಜಿತ್ ರಾಯ್ ಅವರ ಪತ್ತೇದಾರ ಫೆಲುದಾನ ‘ಸೋನಾರ್ ಕೆಲ್ಲಾ’ ಮೊದಲು ಬಂದದ್ದು 1971ರ ‘ದೇಶ್’ ಪತ್ರಿಕೆಯ ಪೂಜಾ ಸಂಚಿಕೆಯಲ್ಲಿ.

ಕನ್ನಡದಲ್ಲಿ ದೀಪಾವಳಿಗೂ ಯುಗಾದಿಗೂ ವಿಶೇಷಾಂಕಗಳು ಬರುತ್ತವೆ. ‘ಪ್ರಜಾವಾಣಿ’ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ಗೆದ್ದು ನಾಡಿಗೆ ಪರಿಚಿತರಾದ ಕಥೆಗಾರರು ಒಬ್ಬಿಬ್ಬರಲ್ಲ. ಎಣ್ಣೆಸ್ನಾನ ಮುಗಿಸಿ, ಕಜ್ಜಾಯ ಮೆಲ್ಲುತ್ತಾ ವಿಶೇಷಾಂಕಕ್ಕಾಗಿ ಮನೆಯಲ್ಲಿ ನಡೆಯುತ್ತಿದ್ದ ಕಿತ್ತಾಟ ಹಲವರ ಹಬ್ಬದ ನೆನಪಿನ ಭಾಗ. ಸೀರೆ ಅಂಗಡಿಯ ಜಾಹೀರಾತು, ವರ್ಷಭವಿಷ್ಯ, ವ್ಯಂಗ್ಯಚಿತ್ರ ಇವುಗಳ ನಡುವೆಯೇ ಮುಂದೆ ಹೆಸರಾದ ಕಥೆಗಳೂ ಇರುತ್ತಿದ್ದವು. ಹಾಗೆಯೇ ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳು ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಕೈಯಿಂದ ಕೈಗೆ ಹೋಗಿ, ಹಾಳೆ ಕಿತ್ತು, ಕಡೆಗೆ ಇಲ್ಲವಾದವು. ಓದುವ ಚಟ ಹತ್ತಿಸಿದ ಆ ಪುಸ್ತಕಗಳನ್ನು ಕಾಪಾಡಬೇಕೆಂದು ಆಗ ಯಾರಿಗೂ ತೋಚಲಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1954ರ ಕಾಯಿದೆಯಂತೆ ಪ್ರಕಾಶಕರು ಪ್ರತಿ ಪುಸ್ತಕದ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೂ ಕಳುಹಿಸಬೇಕು. 1956ರ ತಿದ್ದುಪಡಿಯಿಂದ ಪತ್ರಿಕೆಗಳೂ ಅದರಲ್ಲಿ ಸೇರಿದವು. ಆ ನಾಲ್ಕು ಊರುಗಳಲ್ಲಿ ಕರ್ನಾಟಕದ್ದು ಒಂದೂ ಇಲ್ಲ. ಹೀಗಾಗಿ ಕನ್ನಡದ ಹಬ್ಬದ ಸಂಚಿಕೆಗಳನ್ನು ಉಳಿಸಿದವರು ಹೆಚ್ಚಾಗಿ ಸಾಮಾನ್ಯ ಓದುಗರೇ. ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕತ್ತರಿಸಿ, ಜೋಡಿಸಿ, ದಾರದಲ್ಲಿ ಹೊಲಿದು ರಟ್ಟು ಹಾಕಿಸಿಡುತ್ತಿದ್ದ ಗೃಹಿಣಿಯರು ಊರೂರಲ್ಲಿ ಇದ್ದರು. ಡಿಕನ್ಸ್‌ನ ಓದುಗರೂ ಅವನ ತಿಂಗಳ ಕಂತುಗಳನ್ನು ಹೀಗೆಯೇ ಬೈಂಡ್ ಮಾಡಿಸುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕೆಲವು ಸ್ವಯಂಸೇವಕರು ಹಳೆಯ ಕನ್ನಡ ಪುಸ್ತಕ ಮತ್ತು ನಿಯತಕಾಲಿಕಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಇಡುತ್ತಿದ್ದಾರೆ. ಅವರ ಯಂತ್ರಕ್ಕೆ ಹಾಳೆ ಬರಬೇಕಾದದ್ದೂ ಇಂಥ ಮನೆಗಳ ಅಟ್ಟದಿಂದಲೇ.

ಯಾವ ಕಥೆ ಉಳಿಯಬೇಕೆಂಬುದು ಅದು ಅಚ್ಚಾದ ವರ್ಷದಲ್ಲೇ ತೀರ್ಮಾನವಾಗುವುದಿಲ್ಲ. 1887ರಲ್ಲಿ ಒಂದು ಷಿಲಿಂಗಿನ ಸಂಚಿಕೆಯನ್ನು ಒಲೆಗೆ ಹಾಕಿದವರು ತಪ್ಪು ಮಾಡಿದರೆನ್ನಲಾಗದು. ಅದರೊಳಗೆ ಯಾರಿದ್ದಾನೆಂದು ಅವರಿಗೇನು ಗೊತ್ತು? ಅದನ್ನು ಕಪಾಟಿನಲ್ಲಿಟ್ಟು ಮರೆತ ಕೆಲವರಿಗೂ ಗೊತ್ತಿರಲಿಲ್ಲ. ದೀಪಾವಳಿಗೆ ಮನೆ ಗುಡಿಸುವಾಗ ಅಟ್ಟದಿಂದ ಇಳಿಯುವ ವಿಶೇಷಾಂಕಗಳ ಕಟ್ಟನ್ನು ರದ್ದಿಯವನ ತಕ್ಕಡಿಗೆ ಇಡುವ ಮುನ್ನ ಒಮ್ಮೆ ಬಿಚ್ಚಿ, ಒಂದು ಕಥೆ ಓದಿ ನೋಡಬಹುದು.